ಛಾಯಾಚಿತ್ರದಲ್ಲಿ ಅತ್ಯುಕ್ತಿ

ನನ್ನ ಪತ್ನಿಯ ತವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆಗೆ ಸಮೀಪದ ಒಂದು ಹಳ್ಳಿ. ಬಯಲುಸೀಮೆಯ ನಮ್ಮ ಮನೆಗೆ ಬಂದು ಮೂವತ್ತೈದು ವರ್ಷಗಳಾದರೂ ಸಂಜೆಯ ಹೊತ್ತಿಗೆ ಆಕೆಯ ಮನಸ್ಸು ಘಟ್ಟದ ಅಂಚಿಗೆ ಹೋಗಿ ನಿಲ್ಲುವುದುಂಟು. ಬಾಲ್ಯದಲ್ಲಿ ತಂದೆಯ ಕೈ ಹಿಡಿದು ಅಲ್ಲಿಯ ಸೂರ್ಯಾಸ್ತವನ್ನು ನೋಡಿದುದನ್ನು ಎಷ್ಟು ಸಲ ವರ್ಣಿಸಿರುವಳೋ ಲೆಕ್ಕವಿಲ್ಲ. ಈಗ ತವರಿನಲ್ಲಿ ಯಾರೂ ಉಳಿದಿಲ್ಲ. ಮಂಡಿನೋವಿನ ದೆಸೆಯಿಂದ ದೂರಪ್ರಯಾಣವೂ ಆಗದು. ಇದನ್ನರಿತ ನನ್ನ ಸೋದರಳಿಯನು, ಛಾಯಾಗ್ರಹಣದಲ್ಲಿ ಬಹಳ ಆಸಕ್ತಿಯುಳ್ಳವನು, ಕಳೆದ ಮಾರ್ಗಶಿರದಲ್ಲಿ ಆಗುಂಬೆಗೆ ಹೋಗಿ ಅಸ್ತಮಯದ ಚಿತ್ರವೊಂದನ್ನು ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸುವುದಕ್ಕೆ ಮೊದಲು ನಮಗೆ ತೋರಿಸಲು ತಂದನು.

ಚಿತ್ರವೇನೋ ಕಣ್ಣು ಕೋರೈಸುವಂತಿತ್ತು. ಆಕಾಶವೆಲ್ಲ ಕುಂಕುಮ ಚೆಲ್ಲಿದಂತೆ ಕೆಂಪು. ಮೋಡಗಳ ಒಂದೊಂದು ಮಡಿಕೆಯೂ ಉಳಿಯಿಂದ ಕೆತ್ತಿದಂತೆ ಸ್ಫುಟ. ಕೆಳಗೆ ಕಣಿವೆಯ ಕಾಡಿನಲ್ಲಿ ಎಲೆಗಳನ್ನು ಎಣಿಸಬಹುದಾಗಿತ್ತು. ಆಕೆ ಬಹಳ ಹೊತ್ತು ನೋಡಿ, "ಚೆನ್ನಾಗಿದೆ, ಮಗು. ಆದರೆ ಇದು ಯಾವ ಊರು?" ಎಂದಳು. ಹುಡುಗನ ಮುಖ ಬಾಡಿತು. "ಆಗುಂಬೆಯೇ ಅತ್ತೆ, ನೀವು ಹೇಳಿದ ಜಾಗವೇ" ಎಂದನು. "ಇರಬಹುದಪ್ಪಾ. ಸೂರ್ಯ ಮುಳುಗುವ ಹೊತ್ತಿಗೆ ಕಾಡು ಕಪ್ಪಾಗಬೇಡವೆ? ಆ ಕಪ್ಪನ್ನು ಕಂಡೇ ನಾನು ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದದ್ದು!"

ಈ ಮಾತಿನಿಂದ ಹುಟ್ಟಿದ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಚಿತ್ರವು ಎಚ್.ಡಿ.ಆರ್. ಎಂಬ ಕ್ರಮದಿಂದ ಸಿದ್ಧವಾದುದು. 'ಹೈ ಡೈನಮಿಕ್ ರೇಂಜ್' ಎಂಬುದರ ಸಂಕ್ಷೇಪವಿದು; ದೃಶ್ಯದ ಅತ್ಯಂತ ಬೆಳಕಿನ ಭಾಗದಿಂದ ಅತ್ಯಂತ ಕತ್ತಲೆಯ ಭಾಗದವರೆಗಿನ ವಿಸ್ತಾರವನ್ನೆಲ್ಲ ಹಿಡಿಯುವುದೆಂದು ಅಭಿಪ್ರಾಯ. ಛಾಯಾಗ್ರಾಹಕರು ಬೆಳಕಿನ ಒಂದೊಂದು ಇಮ್ಮಡಿಯನ್ನೂ ಒಂದೊಂದು ಸ್ಟಾಪ್ ಎಂದು ಎಣಿಸುವರು. ಇಂದಿನ ಒಳ್ಳೆಯ ಕ್ಯಾಮೆರಾ 12ರಿಂದ 14 ಸ್ಟಾಪುಗಳನ್ನು ಹಿಡಿಯಬಲ್ಲುದು. 14 ಸಲ ಇಮ್ಮಡಿಸಿದರೆ ಹದಿನಾರು ಸಾವಿರ ಪಾಲಿಗೂ ಮಿಕ್ಕಿತು. ಸೂರ್ಯಬಿಂಬವೇ ಎದುರಿಗಿದ್ದು, ಕೆಳಗೆ ದಟ್ಟವಾದ ಕಾಡಿದ್ದರೆ ಅದೂ ಸಾಲದು. ಆಗ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಒಂದೇ ದೃಶ್ಯವನ್ನು ಮೂರು ಸಲ ತೆಗೆಯುವರು. ನಮ್ಮ ಹುಡುಗನು ಆಕಾಶಕ್ಕಾಗಿ ಸೆಕೆಂಡಿನ 60ರಲ್ಲಿ ಒಂದು ಪಾಲು, ನಡುವಣ ಬೆಟ್ಟಗಳಿಗಾಗಿ 15ರಲ್ಲಿ ಒಂದು ಪಾಲು, ಕಾಡಿಗಾಗಿ 4ರಲ್ಲಿ ಒಂದು ಪಾಲು ಬೆಳಕನ್ನು ಬಿಟ್ಟಿದ್ದನಂತೆ. ಬಳಿಕ ಗಣಕಯಂತ್ರದಲ್ಲಿ ಮೂರನ್ನೂ ಕೂಡಿಸುವುದು. ಇಂದು ಅಂಗೈಯೊಳಗಿನ ಫೋನುಗಳು ಇದನ್ನು ಕೇಳದೆಯೇ ಮಾಡಿಬಿಡುತ್ತವೆ. ಐಫೋನಿಗೆ ಈ ಶಕ್ತಿ ಬಂದುದು 2010ರಲ್ಲಿ.

ತೊಡಕು ಹುಟ್ಟುವುದು ಕೂಡಿಸಿದ ಮೇಲೆ. ಅಚ್ಚಿನ ಕಾಗದದಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಹೆಚ್ಚೆಂದರೆ ನೂರು ಇನ್ನೂರು ಪಾಲು. ಹತ್ತಾರು ಸಾವಿರ ಪಾಲಿನ ಬೆಳಕನ್ನು ಇಷ್ಟರೊಳಗೆ ಅಡಗಿಸಬೇಕು. ಖಂಡುಗದ ಧಾನ್ಯವನ್ನು ಕೊಳಗದಲ್ಲಿ ತುಂಬುವ ಈ ಕೆಲಸದಲ್ಲೇ ಔಚಿತ್ಯವೂ ಅನೌಚಿತ್ಯವೂ ಪ್ರಕಟವಾಗುವುದು.

ಹುಡುಗನು ಸುಮ್ಮನೆ ಸೋಲುವವನಲ್ಲ. "ಮಾವ, ಒಂದೇ ಸಲ ತೆಗೆದ ಚಿತ್ರದಲ್ಲಿ ಕಾಡು ಮಸಿಯ ಮುದ್ದೆಯಾಗಿರುತ್ತದೆ. ಅದು ಮಾತ್ರ ಸ್ವಾಭಾವಿಕವೆ?" ಎಂದು ಕೇಳಿದನು. ಆಕ್ಷೇಪಣೆ ಯುಕ್ತವಾದುದೇ. ನಮ್ಮ ಕಣ್ಣು ಆಕಾಶವನ್ನು ನೋಡುವಾಗ ಪಾಪೆಯನ್ನು ಕಿರಿದುಮಾಡಿಕೊಂಡು, ಕಾಡನ್ನು ನೋಡುವಾಗ ಹಿರಿದುಮಾಡಿಕೊಳ್ಳುತ್ತದೆ. ಹೀಗೆ ಹಲವು ನೋಟಗಳಿಂದ ಮನಸ್ಸು ಒಂದು ದೃಶ್ಯವನ್ನು ಕಟ್ಟಿಕೊಳ್ಳುತ್ತದೆ. ಆದುದರಿಂದ ಯಂತ್ರವು ಒಂದು ಕ್ಷಣದಲ್ಲಿ ಕಂಡುದೇ ಸ್ವಭಾವ, ಉಳಿದುದೆಲ್ಲ ಕೃತ್ರಿಮ ಎನ್ನಲಾಗದು.

ಈ ಉಪಾಯವು ಇಂದಿನದೂ ಅಲ್ಲ. 1856–57ರ ಸುಮಾರಿಗೆ ಫ್ರಾನ್ಸ್ ದೇಶದ ಗುಸ್ತಾವ್ ಲ ಗ್ರೇ ಎಂಬವರು ಸಮುದ್ರದ ಚಿತ್ರಗಳನ್ನು ತೆಗೆದರು. ಅಂದಿನ ಗಾಜಿನ ಫಲಕಗಳು ನೀಲಿಯ ಬೆಳಕಿಗೆ ಮಿತಿಮೀರಿ ಸ್ಪಂದಿಸುತ್ತಿದ್ದವಾದ್ದರಿಂದ ಅಲೆಗಳು ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶವು ಬರಿಯ ಬಿಳಿಯ ಹಾಳೆಯಾಗುತ್ತಿತ್ತು. ಅವರು ಸಮುದ್ರಕ್ಕೊಂದು, ಆಕಾಶಕ್ಕೊಂದು ಫಲಕವನ್ನು ತೆಗೆದು ಕೂಡಿಸಿ ಅಚ್ಚು ಹಾಕುತ್ತಿದ್ದರು. ಒಂದೇ ಮೋಡಗಳು ಅವರ ಬೇರೆ ಬೇರೆ ಸಮುದ್ರಗಳ ಮೇಲೆ ತೇಲುವುದೂ ಉಂಟು! ಆದರೂ ನೋಡುವವನಿಗೆ ಸಂದೇಹ ಬಾರದು.

ನಾನು ಸಂಸ್ಕೃತವನ್ನು ಓದಿದವನಾದುದರಿಂದ ಇಂತಹ ವಿವಾದಗಳಲ್ಲಿ ಆಲಂಕಾರಿಕರ ಬಾಗಿಲಿಗೆ ಹೋಗುವುದು ಅಭ್ಯಾಸ. ದಂಡಿಯು ಕಾವ್ಯಾದರ್ಶದಲ್ಲಿ ಸ್ವಭಾವೋಕ್ತಿಯನ್ನು ಮೊದಲನೆಯ ಅಲಂಕಾರವೆಂದನು. ಅತಿಶಯೋಕ್ತಿಯನ್ನು ಅಲಂಕಾರಗಳಲ್ಲಿ ಉತ್ತಮವೆಂದೂ ಅವನೇ ಹೇಳಿದನು. ಎರಡಕ್ಕೂ ಸ್ಥಾನವುಂಟು. ಆದರೆ ಕಾಂತಿಯೆಂಬ ಗುಣವನ್ನು ನಿರೂಪಿಸುವಲ್ಲಿ, ಲೋಕದ ಮೇರೆಯನ್ನು ದಾಟದ ಮಾತೇ ಎಲ್ಲರಿಗೂ ಪ್ರಿಯವೆಂದೂ, ಮೇರೆ ದಾಟಿದರೆ ಅದು ಅತ್ಯುಕ್ತಿಯೆಂದೂ, ಗೌಡಮಾರ್ಗದವರಿಗೆ ಅದರಲ್ಲಿ ಒಲವೆಂದೂ ಬೇರ್ಪಡಿಸುತ್ತಾನೆ. (ಅತ್ಯುಕ್ತಿಗೆ ಅವನು ಕೊಡುವ ಉದಾಹರಣೆ ಗೃಹಪತ್ರಿಕೆಗೆ ತಕ್ಕುದಲ್ಲ, ತರಗತಿಯಲ್ಲಿಯೂ ಅದನ್ನು ಬೇಗನೆ ದಾಟಿಸಿಬಿಡುತ್ತಿದ್ದೆನು.) ಅತಿಶಯವು ಎಲ್ಲಿ ಅತ್ಯುಕ್ತಿಯಾಗುವುದೆಂಬುದೇ ಪ್ರಶ್ನೆ.

ಇದಕ್ಕೆ ಅಮೆರಿಕದ ಆನ್ಸೆಲ್ ಆಡಮ್ಸ್ ಅವರ ಚಿತ್ರವೊಂದು ಒಳ್ಳೆಯ ನಿದರ್ಶನ. 1941ನೆಯ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋ ಸಂಸ್ಥಾನದ ಹರ್ನಾಂಡೆಜ್ ಎಂಬ ಸಣ್ಣ ಊರಿನ ಮೇಲೆ ಚಂದ್ರೋದಯವಾದುದನ್ನು ಅವರು ಕಪ್ಪುಬಿಳುಪಿನಲ್ಲಿ ಹಿಡಿದರು. ಬೆಳಕನ್ನಳೆಯುವ ಉಪಕರಣ ಕೈಗೆ ಸಿಕ್ಕದೆ, ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದಲೇ ಗುಣಿಸಿ ತೆಗೆದ ಚಿತ್ರವದು. ಮೊದಮೊದಲಿನ ಅಚ್ಚುಗಳಲ್ಲಿ ಆಕಾಶದ ಮೇಲ್ಭಾಗ ತಿಳಿಯಾಗಿದೆ. ವರ್ಷಗಳು ಕಳೆದಂತೆ ಅವರು ಅದನ್ನು ಕಪ್ಪಾಗಿಸುತ್ತಲೇ ಹೋಗಿ, ಕಡೆಗೆ ಅದು ಕಾಡಿಗೆಯಂತಾಯಿತು. ಆ ಸಂಜೆ ಆಕಾಶ ಅಷ್ಟು ಕಪ್ಪಾಗಿರಲಿಲ್ಲವೆಂಬುದು ನಿಶ್ಚಯ. ಆದರೂ ಚಿತ್ರ ಸುಳ್ಳೆನಿಸುವುದಿಲ್ಲ. ಏಕೆ? ಚಂದ್ರನು ಆಕಾಶಕ್ಕಿಂತ ಬೆಳಗುತ್ತಾನೆ. ಶ್ಮಶಾನದ ಶಿಲುಬೆಗಳು ಕಡೆಯ ಬಿಸಿಲಿಗೆ ಹೊಳೆಯುತ್ತವೆ. ನೆಲವು ಅವುಗಳಿಗಿಂತ ಮಂಕಾಗಿದೆ. ಯಾವುದು ಹೆಚ್ಚು, ಯಾವುದು ಕಡಮೆ ಎಂಬ ಕ್ರಮ ಅಲ್ಲಿ ಮುರಿದಿಲ್ಲ. ಅಂತರಗಳು ಮಾತ್ರ ಹಿಗ್ಗಿವೆ. ತರ, ತಮ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದ ತಾರತಮ್ಯವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವಷ್ಟೆ. ಛಾಯಾಚಿತ್ರಕ್ಕೆ ಅದೇ ಜೀವಾಳವೆಂದು ನನಗೆ ತೋರುತ್ತದೆ. ಅಂತರವನ್ನು ಕುಗ್ಗಿಸಬಹುದು, ಹಿಗ್ಗಿಸಬಹುದು. ತಾರತಮ್ಯವನ್ನು ತಲೆಕೆಳಗು ಮಾಡಬಾರದು.

ನಮ್ಮ ಹುಡುಗನ ಚಿತ್ರದಲ್ಲಿ ಆದುದು ಅದೇ. ಕಾಡನ್ನು ಎತ್ತಿ ಎತ್ತಿ ಆಕಾಶಕ್ಕೆ ಸಮನಾಗಿ ಬೆಳಗಿಸಿದ್ದನು. ಸೂರ್ಯನು ಎದುರಿಗಿರುವಾಗ ನಮ್ಮ ಕಡೆಗಿರುವ ಎಲೆಗಳಿಗೆ ಬೆಳಕು ಎಲ್ಲಿಂದ ಬಂದೀತು? ಬೆಟ್ಟದ ಸಾಲಿನ ಸುತ್ತ ಬೆಳ್ಳಿಯ ಅಂಚಿನಂತೆ ಒಂದು ಪ್ರಭೆ ಬೇರೆ. ಕೂಡಿಸುವ ಯಂತ್ರವು ಒಂದೊಂದು ಸ್ಥಳವನ್ನೂ ಅದರ ನೆರೆಹೊರೆಯೊಡನೆ ಹೋಲಿಸಿ ತಿದ್ದುವುದರಿಂದ, ಕಪ್ಪು ಬೆಟ್ಟದ ಮಗ್ಗುಲಲ್ಲಿರುವ ಆಕಾಶವನ್ನು ಅಗತ್ಯವಿಲ್ಲದೆ ಬಿಳುಪುಗೊಳಿಸಿಬಿಡುತ್ತದೆ. ಮೋಡಗಳ ಒಡಲಿಗೆ ಮಸಿ ಹತ್ತಿರುವುದು, ಗಾಳಿಗೆ ಅಲುಗಿದ ಕೊಂಬೆ ಎರಡಾಗಿ ಕಾಣುವುದು, ಇವೂ ಆ ಜಾತಿಯ ದೋಷಗಳೇ. ಮನೆಯ ಮಕ್ಕಳು ಇಂತಹ ಚಿತ್ರವನ್ನು ತಂದು ತೋರಿಸಿದಾಗ ವಾಚಕರು ಬೆಟ್ಟದ ಅಂಚನ್ನು ಮೊದಲು ನೋಡಬಹುದು. ಕೆರೆಯೋ ಹೊಳೆಯೋ ಇದ್ದರೆ ಪರೀಕ್ಷೆ ಇನ್ನೂ ಸುಲಭ: ನೀರಿನಲ್ಲಿ ಬಿದ್ದ ಆಕಾಶದ ಪ್ರತಿಬಿಂಬವು ಆಕಾಶಕ್ಕಿಂತ ಮಂಕಾಗಿರಬೇಕು. ಬಣ್ಣದ ವಿಷಯದಲ್ಲಿಯಾದರೆ, ಸಂಜೆ ಹದವೆಂದು ತೋರಿದುದನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗ್ಗೆ ತಣಿದ ಕಣ್ಣಿನಿಂದ ನೋಡುವುದು ಒಳ್ಳೆಯದು.

ಹುಡುಗನು ಆ ರಾತ್ರಿ ಊಟವಾದ ಮೇಲೆ ಗಣಕಯಂತ್ರದ ಮುಂದೆ ಕುಳಿತನು. ಮೂರು ಚಿತ್ರಗಳನ್ನು ಮೊದಲಿನಿಂದ ಕೂಡಿಸಿದನು. ಆಕಾಶದ ಕೆಂಪನ್ನು ಇಳಿಸಿದನು. ಕಾಡನ್ನು, ದಿಟ್ಟಿಸಿದರೆ ಮಾತ್ರ ಮರವೆಂದು ತಿಳಿಯುವಷ್ಟು ಕತ್ತಲೆಗೆ ಬಿಟ್ಟನು. ಅಂಚಿನ ಕೆಲವು ನೆತ್ತಿಗಳಲ್ಲಿ ಮಾತ್ರ ಹೊಂಬೆಳಕನ್ನು ಉಳಿಸಿದನು. ಮೊದಲಿನ ಚಿತ್ರಕ್ಕೆ ಅವನ ಮಿತ್ರರಿಂದ ಬಹಳ ಪ್ರಶಂಸೆ ದೊರೆತಿದೆಯಂತೆ. ಅದನ್ನವನು ತನ್ನ ಕೋಣೆಯಲ್ಲಿ ತೂಗುಹಾಕಿಕೊಂಡಿದ್ದಾನೆ. ನನ್ನದೇನೂ ಅಡ್ಡಿಯಿಲ್ಲ.

ಎರಡನೆಯ ಅಚ್ಚು ಬಂದ ದಿನ ಆಕೆ ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದಳು. ಆಮೇಲೆ ಬಲಗಡೆಯ ಕತ್ತಲೆಯಲ್ಲಿ ಬೆರಳಿಟ್ಟು, "ಇಲ್ಲೊಂದು ದೊಡ್ಡ ಮರವಿತ್ತಲ್ಲ, ಮಗು, ಈಗ ಇಲ್ಲವೆ?" ಎಂದು ಕೇಳಿದಳು.