ಮನೆಯ ಸರ್ವರ್‌ಗೆ ಹೊರಗಿನಿಂದ ದಾರಿ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆ ಇದು: ‘ಮಗುವಿನ ಫೋಟೊಗಳನ್ನೆಲ್ಲ ಮನೆಯಲ್ಲೇ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಮನೆಯ ವೈಫೈನಲ್ಲಿ 192.168.1.20 ಎಂದು ಹೊಡೆದರೆ ತೆರೆದುಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಅಮ್ಮ ಎಷ್ಟು ಸಲ ಹೊಡೆದರೂ ತೆರೆಯುವುದಿಲ್ಲ. ಯಾಕೆ?’

ಇದಕ್ಕೆ ಉತ್ತರ ಅವರ ಪಕ್ಕದ ಊರು ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇದೆ. 1988ರ ನವೆಂಬರ್ 17ರಂದು ಅಲ್ಲಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯ ಪೀಟ್ ಬೇರ್ಟೆಮಾ ಅವರಿಗೆ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಜಾಲವನ್ನು ಸೇರಲು ಒಪ್ಪಿಗೆಯ ಇಮೇಲ್ ಬಂತು. ಯುರೋಪಿನಲ್ಲಿ ಇಂಟರ್ನೆಟ್ ಇಟ್ಟ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು. ಆಗ ಜಾಲದ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸವಿತ್ತು; ಯಾವ ಯಂತ್ರವೂ ಸರ್ವರ್ ಆಗಬಹುದಿತ್ತು. ಆದರೆ ಐಪಿವಿ4 ಎಂಬ ಆ ವ್ಯವಸ್ಥೆಯ 32 ಬಿಟ್‌ಗಳಲ್ಲಿ ಹಿಡಿಸುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಕೊರತೆ ಕಣ್ಣಿಗೆ ಕಾಣತೊಡಗಿದಾಗ, 1996ರಲ್ಲಿ, ಆರ್‌ಎಫ್‌ಸಿ 1918 ಎಂಬ ದಾಖಲೆ ಬಂತು. 192.168ರಿಂದ ಶುರುವಾಗುವಂಥ ಕೆಲವು ವಿಳಾಸಗಳನ್ನು ಯಾರು ಬೇಕಾದರೂ ಒಳಗೊಳಗೇ ಬಳಸಿಕೊಳ್ಳಲಿ, ಹೊರಜಾಲದಲ್ಲಿ ಅವು ನಡೆಯುವುದಿಲ್ಲ ಎಂದು ಅದು ಗೊತ್ತುಮಾಡಿತು. ಅದರ ಐವರು ಲೇಖಕರಲ್ಲಿ ಡೇನಿಯಲ್ ಕಾರೆನ್‌ಬರ್ಗ್ ಮತ್ತು ಗೇರ್ಟ್ ಯಾನ್ ಡಿ ಗ್ರೂಟ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಳಾಸ ಹಂಚುವ ರೈಪ್ ಎನ್‌ಸಿಸಿ ಸಂಸ್ಥೆಯವರು. ಹುಬ್ಬಳ್ಳಿಯ ಅಮ್ಮ ಆ ಸಂಖ್ಯೆ ಹೊಡೆದಾಗ ಮೊಬೈಲು ಹುಡುಕುವುದು ಅವರದೇ ಮನೆಯೊಳಗೆ!

ಇಂಥ ಒಳವಿಳಾಸಗಳಿಗೂ ಹೊರಜಾಲಕ್ಕೂ ನಡುವೆ ಕೂತ ಮನೆಯ ರೂಟರ್ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಇದ್ದ ಹಾಗೆ. ಯಾವ ಮನೆಯವರು ಏನು ತರಿಸಿದ್ದಾರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆ ಸಾಮಾನು ಬಂದರೆ ಮಾತ್ರ ಒಳಗೆ ಬಿಡುತ್ತಾನೆ. ಯಾರೂ ಕರೆಯದೆ ಬಂದವರು ಗೇಟಿನಿಂದಲೇ ವಾಪಸ್. ‘443ನೇ ಬಾಗಿಲು, ಅಂದರೆ ಪೋರ್ಟ್, ಕೇಳಿಕೊಂಡು ಬಂದವರನ್ನು ನಮ್ಮ ಮನೆಗೆ ಕಳಿಸು’ ಎಂದು ಅವನಿಗೆ ಮೊದಲೇ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಆದರೆ ಎಷ್ಟೋ ಕಡೆ ಅಪಾರ್ಟ್‌ಮೆಂಟಿನಾಚೆ ಇಡೀ ಬಡಾವಣೆಗೆ ಇನ್ನೊಂದು ಗೇಟಿರುತ್ತದೆ. ಅಲ್ಲಿನ ವಾಚ್‌ಮನ್‌ಗೆ ಸಂಬಳ ಕೊಡುವುದು ಇಂಟರ್ನೆಟ್ ಕಂಪನಿ. ನಿಮ್ಮ ಮಾತು ಅವನು ಕೇಳುವುದಿಲ್ಲ. ಇದು ಸಿಜಿನ್ಯಾಟ್.

ಪತ್ತೆ ಹಚ್ಚುವುದು ಸುಲಭ. ರೂಟರ್ ಪುಟದಲ್ಲಿ ವ್ಯಾನ್ (ಹೊರಜಾಲದ) ವಿಳಾಸ ನೋಡಿ. ‘ನನ್ನ ಐಪಿ ಯಾವುದು’ ಎಂದು ತಿಳಿಸುವ ಯಾವುದಾದರೂ ತಾಣ ಬೇರೆ ಸಂಖ್ಯೆ ತೋರಿಸಿದರೆ, ಅಥವಾ ರೂಟರಿನದು 100.64ರಿಂದ 100.127ರ ನಡುವೆ ಇದ್ದರೆ, ಎರಡನೇ ಗೇಟು ಇದೆ ಎಂದೇ ಅರ್ಥ. ಇಲ್ಲವಾದರೆ ಪೋರ್ಟ್ ತೆರೆದು, ಬದಲಾಗುವ ವಿಳಾಸದ ಬೆನ್ನುಹತ್ತಲು ಡೈನಮಿಕ್ ಡಿಎನ್‌ಎಸ್ ಹಾಕಿಕೊಂಡರೆ ದಾರಿ ಸಿದ್ಧ. ಪರೀಕ್ಷೆಯನ್ನು ಮಾತ್ರ ಮೊಬೈಲ್ ಡೇಟಾದಲ್ಲಿ ಮಾಡಿ: ಒಳಗಿನಿಂದ ಹೊರವಿಳಾಸ ಹೊಡೆದರೆ ಹಲವು ರೂಟರ್‌ಗಳು ತಬ್ಬಿಬ್ಬಾಗುತ್ತವೆ.

ದಾರಿ ತೆರೆದರೆ ಅಮ್ಮನೊಬ್ಬರೇ ಬರುವುದಿಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ರೂಪಿಸಿದ ಝಡ್‌ಮ್ಯಾಪ್ ತಂತ್ರಾಂಶ, ಒಂದು ಪೋರ್ಟಿಗಾಗಿ ಇಡೀ ಐಪಿವಿ4 ಜಾಲದ ಕದ ತಟ್ಟಲು ತೆಗೆದುಕೊಂಡದ್ದು 45 ನಿಮಿಷಕ್ಕೂ ಕಡಿಮೆ. ಹಾಗಾಗಿ ಕುಟುಂಬದ ಫೋಟೊಗಳಿಗೆ ನನ್ನ ಸಲಹೆ, ವಿಪಿಎನ್ ತಂತ್ರಾಂಶವಾದ ವೈರ್‌ಗಾರ್ಡ್. ಅದಕ್ಕೂ ಒಂದು ಪೋರ್ಟ್ ಬೇಕು, ಆದರೆ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಊರಿಗೆ ಹೋದಾಗ ಒಮ್ಮೆ ಅಮ್ಮನ ಮೊಬೈಲಿಗೆ ಹಾಕಿಕೊಟ್ಟರಾಯಿತು.

ಇಷ್ಟೆಲ್ಲ ಪೇಚಾಟಕ್ಕೆ ಮೂಲ ವಿಳಾಸಗಳ ಕೊರತೆ. ರೈಪ್ ತನ್ನ ಬಳಿಯ ಐಪಿವಿ4 ವಿಳಾಸಗಳು ಮುಗಿದವೆಂದು ಘೋಷಿಸಿದ್ದು 2019ರ ನವೆಂಬರ್ 25ರಂದು. ನಿಜವಾದ ಪರಿಹಾರ 128 ಬಿಟ್‌ನ ಐಪಿವಿ6. ಅಲ್ಲಿ ಮನೆಯ ಪ್ರತಿ ಸಾಧನಕ್ಕೂ ಮತ್ತೆ ಸ್ವಂತ ವಿಳಾಸ. ಇದರ ಬಳಕೆಯಲ್ಲಿ ಭಾರತ ನೆದರ್‌ಲ್ಯಾಂಡ್ಸ್‌ಗಿಂತ ಮುಂದಿದೆ ಎಂಬುದು ಹೆಮ್ಮೆಯ ವಿಷಯ. ಸಂಪರ್ಕ ತೆಗೆದುಕೊಳ್ಳುವಾಗ ವೇಗವೆಷ್ಟೆಂದು ಎಲ್ಲರೂ ಕೇಳುತ್ತೇವೆ. ಐಪಿವಿ6 ಕೊಡುತ್ತೀರಾ, ಹೊರಗಿನಿಂದ ಬರುವ ಸಂಪರ್ಕಕ್ಕೆ ಬಿಡುತ್ತೀರಾ ಎಂದೂ ದಯವಿಟ್ಟು ಕೇಳಿ. ಗ್ರಾಹಕರು ಕೇಳದೆ ಕಂಪನಿಗಳು ಕೊಡುವುದಿಲ್ಲ.