ಹಿಮದೂರಿನ ಸ್ಟೇಷನ್ನಿಗೆ ಜೋಡಿ ಪಯಣ!

ಜಪಾನ್ ಅಂದ ತಕ್ಷಣ ನಮ್ಮ ಚಿತ್ರರಸಿಕರಿಗೆ ಏನು ನೆನಪಾಗುತ್ತೆ? ಹಳಬರಿಗೆ 1966ರ ‘ಲವ್ ಇನ್ ಟೋಕಿಯೊ’, ಅದರ ಆಶಾ ಪಾರೇಖ್, ಜಾಯ್ ಮುಖರ್ಜಿ. ಇವತ್ತಿನ ಹುಡುಗರಿಗೆ 1998ರಲ್ಲಿ ಅಲ್ಲಿ ಧೂಳೆಬ್ಬಿಸಿದ ರಜನಿಯ ‘ಮುತ್ತು’, 2022ರ ‘ಆರ್‌ಆರ್‌ಆರ್’, 2023ರಲ್ಲಿ ಜಪಾನಿನ ತೆರೆ ಏರಿದ ನಮ್ಮ ‘ಕೆಜಿಎಫ್’!

ಆದರೆ ನಾನು ನಮ್ಮಾಕೆಯನ್ನು ಕಟ್ಟಿಕೊಂಡು, ಆರು ವರ್ಷದ ಚೀಟಿ ದುಡ್ಡು ಸುರಿದು, ಮೂಳೆ ಕೊರೆಯುವ ಚಳಿಯಲ್ಲಿ ಜಪಾನಿಗೆ ಹೋಗಿದ್ದು ಇದ್ಯಾವುದಕ್ಕೂ ಅಲ್ಲ. ರೈಲೇ ಬಾರದ ಒಂದು ರೈಲ್ವೆ ಸ್ಟೇಷನ್ ನೋಡೋದಕ್ಕೆ!

ನಗಬೇಡಿ ಸ್ವಾಮಿ, ಕಾರಣ ಇದೆ.

‘ಥೇಟ್ ನಿಮ್ಮ ಹಾಗೇ!’

1999ರಲ್ಲಿ ಜಪಾನಿನಲ್ಲಿ ‘ಪೊಪ್ಪೊಯಾ’ ಅಂತ ಒಂದು ಚಿತ್ರ ಬಂತು. ‘ಪೊಪ್ಪೊ’ ಅಂದರೆ ಅಲ್ಲಿನ ಮಕ್ಕಳ ಬಾಯಲ್ಲಿ ನಮ್ಮ ‘ಚುಕುಬುಕು’. ರೈಲಿನವನು ಅಂತ ಹೆಸರಿನ ಅರ್ಥ. ನಿರ್ದೇಶನ ಯಸುವೊ ಫುರುಹಾತ. ನಾಯಕ ಕೆನ್ ತಕಾಕುರಾ. 1960ರ ದಶಕದಲ್ಲಿ ರೌಡಿ ಪಾತ್ರಗಳಿಂದಲೇ ಗಂಡುಹುಡುಗರ ಎದೆಯಲ್ಲಿ ಕೂತ ಮಹಾನುಭಾವ. ಇನ್ನೂರಕ್ಕೂ ಹೆಚ್ಚು ಚಿತ್ರಗಳ ಸರದಾರ. 2014ರಲ್ಲಿ ತೀರಿಕೊಂಡರು.

ಈ ಚಿತ್ರದಲ್ಲಿ ಹೊಡೆದಾಟ ಇಲ್ಲ. ಹಿಮ ಮುಚ್ಚಿದ ಹಳ್ಳಿಯ ಮುದಿ ಸ್ಟೇಷನ್ ಮಾಸ್ಟರ್ ಪಾತ್ರ. ಎಳೆಗೂಸು ಕಾಯಿಲೆ ಬಿದ್ದಾಗ ಹೆಂಡತಿ ಒಬ್ಬಳೇ ರೈಲಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಾಳೆ. ವಾಪಸು ಬರುವಾಗ ಮಗು ಇಲ್ಲ, ಮಗುವಿನ ದೇಹ ಇದೆ. ಆಗಲೂ ಈತ ಪ್ಲಾಟ್‌ಫಾರಂ ಮೇಲೆ ನಿಂತು ಬಾವುಟ ಬೀಸುತ್ತಿರುತ್ತಾನೆ! ಮುಂದೆ ಹೆಂಡತಿ ಸತ್ತಾಗಲೂ ಡ್ಯೂಟಿಯೇ. ಕಣ್ಣಲ್ಲಿ ನೀರಿಲ್ಲ. ತಕಾಕುರಾ ಮುಖ ನೋಡಿದರೆ ಮಾತ್ರ ನಮ್ಮ ಕಣ್ಣು ತುಂಬುತ್ತೆ. ಈ ಪಾತ್ರಕ್ಕೆ ಮಾಂಟ್ರಿಯಲ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಒಂದು ಭಾನುವಾರ ಮನೆಯಲ್ಲಿ ಇಬ್ಬರೂ ಈ ಚಿತ್ರ ನೋಡಿದೆವು. ಮುಗಿದ ಮೇಲೆ ನಮ್ಮಾಕೆ ತಣ್ಣಗೆ ಅಂದಳು: “ಈ ಮಾಸ್ಟ್ರು ಥೇಟ್ ನಿಮ್ಮ ಹಾಗೇ ಕಣ್ರೀ.”

ನನ್ನ ಬಾಯಿ ಕಟ್ಟಿಹೋಯಿತು. ಹನ್ನೊಂದು ವರ್ಷದ ಹಿಂದೆ ಆಕೆ ತಿಪಟೂರಿನ ತವರಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಾಗ ನಾನೆಲ್ಲಿದ್ದೆ ಗೊತ್ತೇ? ಮಡಿಕೇರಿಯಲ್ಲಿ, ಒಂದು ಹೊರಾಂಗಣ ಚಿತ್ರೀಕರಣದ ವರದಿಗೆ. ಸುದ್ದಿ ಮುಟ್ಟಿತ್ತು. ‘ಹಾಡು ಮುಗಿಯಲಿ, ಹೊರಡೋಣ’ ಅಂದುಕೊಂಡೆ. ಮಾರನೇ ದಿನ ಸಂಜೆ ತಲುಪುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಆಕೆ ಅವತ್ತೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಆ ಭಾನುವಾರದ ಒಂದು ಮಾತು, ಅಷ್ಟೇ. ಅದರ ಹಿಂದೆಯೇ ಇನ್ನೊಂದು: “ಆ ಸ್ಟೇಷನ್ ನಿಜವಾಗ್ಲೂ ಇದೆಯಾ? ನಾನು ನೋಡ್ಬೇಕು.”

ಟೋಕಿಯೊದಲ್ಲಿ ಕಾಗದದ ಚೂರು

ಟೋಕಿಯೊ ಬಗ್ಗೆ ಹೆಚ್ಚು ಕೊರೆಯೋಲ್ಲ. ಆದರೆ ಚಿತ್ರಮಂದಿರದ ವಿಷಯ ಬಿಡೋ ಹಾಗಿಲ್ಲ. ದೊಡ್ಡ ಥಿಯೇಟರಿನ ಟಿಕೆಟ್ಟು 2000 ಯೆನ್, ಅಂದರೆ ಸಾವಿರ ರೂಪಾಯಿ ದಾಟುತ್ತೆ! ಸಿಳ್ಳೆ ಇಲ್ಲ, ಕೂಗಾಟ ಇಲ್ಲ. ಕೊನೆಯ ಹೆಸರು ತೆರೆಯಿಂದ ಮರೆಯಾಗೋವರೆಗೂ ಜನ ಏಳೋದಿಲ್ಲ. ಹಾಗಾದರೆ ಮಜಾ ಎಲ್ಲಿ ಅಂತೀರಾ? ನಮ್ಮ ದೇಶದ ಚಿತ್ರಗಳಿಗೆ ಆಗಾಗ ‘ಮಸಾಲಾ ಆಟ’ ಇಡುತ್ತಾರೆ. ಅದರಲ್ಲಿ ಕುಣಿಯಬಹುದು, ಕೂಗಬಹುದು, ಕಾಗದದ ಚೂರು ಎರಚಬಹುದು. ನಮ್ಮ ಗಾಂಧಿಕ್ಲಾಸ್ ಸಂಸ್ಕೃತಿ ಜಪಾನಿಗೆ ರಫ್ತಾಗಿದೆ ಅಂತ ಹೆಮ್ಮೆಪಡಿ!

ಸುರಂಗದ ಆಚೆ ಬಿಳಿ ಲೋಕ

ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಒಂದು ಕಡೆ ಒಣ ಬಿಸಿಲು, ಉದ್ದನೆಯ ಸುರಂಗ ದಾಟಿದರೆ ಆಳೆತ್ತರ ಹಿಮ! ಅದೇ ಎಚಿಗೊ-ಯುಝಾವ. 1968ರಲ್ಲಿ ನೊಬೆಲ್ ಪಡೆದ ಯಸುನಾರಿ ಕವಾಬಾತ ತಮ್ಮ ‘ಹಿಮದ ನಾಡು’ ಕಾದಂಬರಿಯನ್ನು ಈ ಊರಿನ ಛತ್ರದಲ್ಲಿ ಕೂತು ಬರೆದರು. 1957ರಲ್ಲೇ ಅದು ಚಿತ್ರವಾಯಿತು, ನಾಯಕಿ ಕೇಯಿಕೊ ಕಿಶಿ.

ಸಮುದ್ರದ ಕಡೆಯಿಂದ ನೀರು ಹೊತ್ತು ಬರುವ ಚಳಿಗಾಳಿ ಬೆಟ್ಟಕ್ಕೆ ಡಿಕ್ಕಿ ಹೊಡೆದು ಈ ಕಡೆಯೇ ಹಿಮ ಸುರಿದುಬಿಡುತ್ತೆ, ಆ ಕಡೆ ಒಣಗಾಳಿ. ನಮ್ಮ ಆಗುಂಬೆಯಲ್ಲಿ ಮಳೆ, ಚಿತ್ರದುರ್ಗದಲ್ಲಿ ಬಿಸಿಲು ಇದ್ದ ಹಾಗೆ.

ಅಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಹಿಂದಿ ಚಿತ್ರದ ಹಾಗೆ ಜೋಡಿ ಹಾಡು ಕಲ್ಪಿಸಿಕೊಂಡವರು ನಿರಾಶರಾಗಿ! ಮೈಮೇಲೆ ಒಂದು ದಾರವೂ ಇಲ್ಲದೆ ಇಳಿಯಬೇಕು. ನಾನು ನಾಚಿ ಗೋಡೆ ಹಿಡಿದು ನಿಂತಿದ್ದೆ. ಒಬ್ಬ ಮುದುಕರು ‘ಬಾ’ ಅಂತ ಕೈಸನ್ನೆ ಮಾಡಿ ಜಾಗ ಬಿಟ್ಟುಕೊಟ್ಟರು. ಊಟದ್ದೇ ಫಜೀತಿ. ನಮ್ಮಾಕೆ ಮಾಂಸ, ಮೀನು ಮುಟ್ಟೋಳಲ್ಲ. ಅಲ್ಲಿ ಸಾರಿಗೆ ಮೂಲವೇ ಒಣಮೀನು. ಮೂರು ದಿನ ಬರೀ ಅನ್ನ ಮತ್ತು ತಿಪಟೂರಿನ ಚಟ್ನಿಪುಡಿ!

ಕಾಲುವೆ ಊರಿನ ಡಬಲ್ ಆ್ಯಕ್ಟಿಂಗ್

ಅಲ್ಲಿಂದ ಉತ್ತರದ ಹೊಕ್ಕೈಡೊ ದ್ವೀಪಕ್ಕೆ. 1988ರಲ್ಲಿ ತೆರೆದ ಸೇಯ್ಕಾನ್ ಸುರಂಗ 53.85 ಕಿಲೋಮೀಟರ್ ಉದ್ದ, ಅದರಲ್ಲಿ 23 ಕಿಲೋಮೀಟರ್ ಸಮುದ್ರದ ತಳದ ಕೆಳಗೆ! ನಮ್ಮಾಕೆ ನನ್ನ ಕೈ ಬಿಡಲೇ ಇಲ್ಲ. (ಸುರಂಗಕ್ಕೆ ಥ್ಯಾಂಕ್ಸ್!)

ಒಟಾರು ಊರಲ್ಲಿ 1923ರ ಕಾಲುವೆ, ದಂಡೆಯ ಉದ್ದಕ್ಕೂ ಕಲ್ಲಿನ ಗೋದಾಮುಗಳು, ಸೂರಿನಿಂದ ಇಳಿಬಿದ್ದ ಹಿಮದ ಕೋಲುಗಳು. 1995ರಲ್ಲಿ ಶುಂಜಿ ಇವಾಯಿ ‘ಲವ್ ಲೆಟರ್’ ಚಿತ್ರಿಸಿದ್ದು ಇಲ್ಲೇ. ಸತ್ತ ಪ್ರಿಯಕರನ ಹಳೇ ವಿಳಾಸಕ್ಕೆ ಹುಡುಗಿಯೊಬ್ಬಳು ಕಾಗದ ಬರೆಯುತ್ತಾಳೆ. ಉತ್ತರ ಬಂದುಬಿಡುತ್ತೆ! ಬರೆದವಳು ಅದೇ ಹೆಸರಿನ ಇನ್ನೊಬ್ಬಳು. ಎರಡೂ ಪಾತ್ರ ಮಿಹೊ ನಕಾಯಾಮ ಒಬ್ಬರದೇ. ಮೀಸೆ, ಮಚ್ಚೆ ಯಾವುದೂ ಇಲ್ಲದ ಡಬಲ್ ಆ್ಯಕ್ಟಿಂಗ್! ಪಾಪ, 2024ರ ಡಿಸೆಂಬರಿನಲ್ಲಿ, 54ನೇ ವಯಸ್ಸಿಗೇ ಆಕೆ ಹೋಗಿಬಿಟ್ಟರು.

ರೈಲು ಬಾರದ ಸ್ಟೇಷನ್

ಕೊನೆಗೆ ಬಂತು ಇಕುತೊರಾ. ಚಿತ್ರದಲ್ಲಿ ‘ಹೊರೊಮಾಯ್’ ಸ್ಟೇಷನ್ ಆಗಿದ್ದು ಇದೇ. ಫುರಾನೊವರೆಗೆ ಒಂದೇ ಡಬ್ಬಿಯ ರೈಲು. ಡ್ರೈವರ್ ಪ್ರತಿ ಸಿಗ್ನಲ್ಲಿಗೂ ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿ ಮುಂದೆ ಹೋಗುತ್ತಾನೆ. ಥೇಟ್ ತಕಾಕುರಾ! ಅಲ್ಲಿಂದ ಮುಂದೆ ಬಸ್ಸೇ ಗತಿ. ಯಾಕೆ ಗೊತ್ತೇ? 2016ರ ಆಗಸ್ಟಿನ ಚಂಡಮಾರುತಕ್ಕೆ ಹಳಿ ಹಾಳಾಗಿ ರೈಲು ನಿಂತಿತು. ಹತ್ತುವವರಿಲ್ಲದ ಮಾರ್ಗ, ಮತ್ತೆ ಓಡಲೇ ಇಲ್ಲ. 2024ರ ಏಪ್ರಿಲ್ 1ರಿಂದ ಆ ಮಾರ್ಗವೇ ರದ್ದು. ಚಿತ್ರದಲ್ಲೂ ಮಾಸ್ಟ್ರು ನಿವೃತ್ತಿಯಾಗುವ ಹೊತ್ತಿಗೆ ಮಾರ್ಗ ಮುಚ್ಚುವ ಸುದ್ದಿ ಬಂದಿರುತ್ತೆ. ಇಪ್ಪತ್ತೈದು ವರ್ಷಕ್ಕೆ ಕತೆ ನಿಜವಾಯಿತು!

ಮರದ ಕಟ್ಟಡದ ಮೇಲೆ ಇವತ್ತಿಗೂ ‘ಹೊರೊಮಾಯ್’ ಬೋರ್ಡು. ಪಕ್ಕದಲ್ಲಿ ಸಿನಿಮಾದ ಊಟದ ಮನೆ, ಚಿತ್ರದಲ್ಲಿ ಓಡಿದ ಡಬ್ಬಿಯ ಮೂತಿ. ಸುತ್ತ ಹಿಮ, ಹಿಮ, ಹಿಮ. ಹಳಿ ಎಲ್ಲಿ ಅಂತಲೇ ಕಾಣದು. ನಾವಿಬ್ಬರು ಬಿಟ್ಟರೆ ನರಪಿಳ್ಳೆ ಇಲ್ಲ.

ನಾನು ಅಭ್ಯಾಸಬಲದಿಂದ ಕ್ಯಾಮರಾ ತೆಗೆದೆ. ತಿರುಗಿ ನೋಡಿದರೆ ನಮ್ಮಾಕೆ ಹಿಮದಲ್ಲಿ ನಿಂತು ಅಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ನನ್ನೆದುರು ಮೊದಲ ಸಲ. ಕ್ಯಾಮರಾ ಜೇಬಿಗಿಟ್ಟೆ.

“ತಪ್ಪಾಯ್ತು ಕಣೇ” ಅಂದೆ. ಹನ್ನೊಂದು ವರ್ಷ ತಡವಾಗಿ ಆಡಿದ ಎರಡು ಮಾತು.

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಮಗು ನಿಮ್ಮ ಹಾಗೇ ಇತ್ತು. ಮೂಗು ನಿಮ್ಮದೇ. ಇಷ್ಟು ದಿನ ನೀವು ಕೇಳ್ಲೇ ಇಲ್ಲ.”

ವಾಪಸು ಬಸ್ಸು ಬರೋವರೆಗೂ ಅವಳು ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಆ ಸ್ಟೇಷನ್ನಿನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಸಂಪಾದಕರು ಬೈದರು, ಬೈಸಿಕೊಂಡೆ.

ತಮ್ಮಂದಿರಾ, ಮೊದಲ ದಿನದ ಮೊದಲ ಆಟ ತಪ್ಪಿದರೆ ಮ್ಯಾಟಿನಿ ಇದೆ, ನಾಳೆಯ ಆಟ ಇದೆ. ಮನೆಯಿಂದ ಕರೆ ಬಂದರೆ ಮಾತ್ರ ಹಾಡು ಮುಗಿಯಲಿ ಅಂತ ಕಾಯಬೇಡಿ. ಎದ್ದು ಬಸ್ಸು ಹತ್ತಿ!