ಅಂತರಜಾಲಕ್ಕೆ ಹಿಡಿದ ಜರಡಿ

೨೦೧೭ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಸಂಜೆ. ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಗೆ ಪರಿಚಿತ ವಿದ್ಯಾರ್ಥಿಯೊಬ್ಬನು ಬಂದನು. ಮರುದಿನ ಕಾಲೇಜಿನಲ್ಲಿ ಅವನು ಪ್ರಬಂಧವೊಂದನ್ನು ಓದಬೇಕಾಗಿತ್ತು. ಅದಕ್ಕೆ ಬೇಕಾದ ಹಳೆಯ ಕನ್ನಡ ವಿಜ್ಞಾನ ಪುಸ್ತಕವು ಯಾವ ಅಂಗಡಿಯಲ್ಲಿಯೂ ದೊರೆಯುವಂತಿರಲಿಲ್ಲ. ಅದರ ಪ್ರತಿಯು ಇಂಟರ್ನೆಟ್ ಆರ್ಕೈವ್ ಎಂಬ ಅಂತರಜಾಲ ಗ್ರಂಥಭಂಡಾರದಲ್ಲಿತ್ತು. ೧೯೯೬ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಭಂಡಾರದಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಆದರೆ ಅಂದು ಹುಡುಗನ ಮೊಬೈಲಿನಲ್ಲಿ ಅದು ತೆರೆಯಲಿಲ್ಲ. ‘ಈ ತಾಣವನ್ನು ತಲುಪಲಾಗುತ್ತಿಲ್ಲ’ ಎಂಬ ಒಂದೇ ಸಾಲು ಮತ್ತೆ ಮತ್ತೆ ಕಾಣಿಸುತ್ತಿತ್ತು.

ಅವನ ಮೊಬೈಲ್ ಕಂಪೆನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ನಾವೇ ಕರೆ ಮಾಡಿದೆವು. ಒಂದನ್ನು ಒತ್ತಿ, ಎರಡನ್ನು ಒತ್ತಿ, ಹಾಡು ಕೇಳಿ, ಕಾಲುಗಂಟೆಯ ತರುವಾಯ ಮನುಷ್ಯರ ದನಿ ಕೇಳಿಸಿತು. “ಸರ್, ಫೋನನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿ” ಎಂದರು. ಮಾಡಿದೆವು. “ಸರ್, ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇದೆ” ಎಂದರು. “ಉಳಿದ ತಾಣಗಳೆಲ್ಲ ತೆರೆಯುತ್ತವೆ, ಇದೊಂದೇ ಏಕೆ ತೆರೆಯುವುದಿಲ್ಲ?” ಎಂದು ಕೇಳಿದರೆ ಮತ್ತೆ ಮೊದಲಿನ ಉಪದೇಶವೇ! ಅಷ್ಟರಲ್ಲಿ ನೆರೆಮನೆಯವರು ಬೇರೊಂದು ಕಂಪೆನಿಯ ಮೊಬೈಲಿನಲ್ಲಿ ಅದೇ ತಾಣವನ್ನು ತೆರೆದು ತೋರಿಸಿದರು. ಹುಡುಗನು ಅದರಲ್ಲಿಯೇ ಪುಸ್ತಕವನ್ನೋದಿ ಟಿಪ್ಪಣಿ ಬರೆದುಕೊಂಡು ಹೋದನು.

ಕಾರಣವು ಆ ದಿನಗಳಲ್ಲಿಯೇ ಪತ್ರಿಕೆಗಳಿಂದ ತಿಳಿಯಿತು. ಚಲನಚಿತ್ರಗಳ ಕಳ್ಳಪ್ರತಿಗಳನ್ನು ತಡೆಯಬೇಕೆಂದು ನಿರ್ಮಾಪಕರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ತಡೆಯಬೇಕಾದ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ತಾಣಗಳ ಪಟ್ಟಿಯಲ್ಲಿ ಈ ಗ್ರಂಥಭಂಡಾರದ ಹೆಸರೂ ಸೇರಿಹೋಗಿತ್ತು. ಒಂದು ಅಂಗಡಿಯಲ್ಲಿ ಕಳ್ಳಮಾಲು ಇದೆಯೆಂದು ದೇವರಾಜ ಮಾರುಕಟ್ಟೆಯ ಬಾಗಿಲುಗಳನ್ನೆಲ್ಲ ಮುಚ್ಚಿದಂತಾಯಿತು. ಹೀಗೇಕೆ ಆಗುತ್ತದೆ? ತಡೆ ಇದ್ದರೂ ಅದು ಕೆಟ್ಟುಹೋದ ಯಂತ್ರದಂತೆ ಏಕೆ ತೋರುತ್ತದೆ? ಇದನ್ನು ಅರಿಯಬೇಕಾದರೆ ಅಂತರಜಾಲದ ಕಾರ್ಯವಿಧಾನವನ್ನು ಸ್ವಲ್ಪ ನೋಡಬೇಕು.

ತಡೆಯಬಹುದಾದ ನಾಲ್ಕು ಎಡೆಗಳು

ನಾವು ಒಂದು ತಾಣದ ಹೆಸರನ್ನು ಬೆರಳಚ್ಚಿಸಿದಾಗ ಮೊಬೈಲು ಮೊದಲು ಕಂಪೆನಿಯ ಹೆಸರು-ವಿಳಾಸಗಳ ಕೋಶವನ್ನು ವಿಚಾರಿಸುತ್ತದೆ. ಇದಕ್ಕೆ ಡಿಎನ್ಎಸ್ ಎಂದು ಹೆಸರು. ಇದನ್ನು ಟೆಲಿಫೋನ್ ಡೈರೆಕ್ಟರಿಗೆ ಹೋಲಿಸಬಹುದು. ಹೆಸರು ಕೊಟ್ಟರೆ ಅದು ಅಂಕಿಗಳಿಂದಾದ ವಿಳಾಸವನ್ನು ಕೊಡುತ್ತದೆ. ಈ ಕೋಶವು ತಪ್ಪು ವಿಳಾಸ ಕೊಡುವಂತೆ, ಇಲ್ಲವೆ ‘ಅಂಥವರು ಯಾರೂ ಇಲ್ಲ’ ಎನ್ನುವಂತೆ ಮಾಡಿದರೆ, ಅದು ಮೊದಲನೆಯ ತಡೆ.

ಎರಡನೆಯ ಎಡೆ ಅಂಕಿಯ ವಿಳಾಸ. ಆ ವಿಳಾಸಕ್ಕೆ ಹೋಗುವ ಮಾಹಿತಿಯ ಪೊಟ್ಟಣಗಳನ್ನೆಲ್ಲ ದಾರಿಯಲ್ಲಿಯೇ ಬಿಸುಟುಬಿಡುವುದು. ಆದರೆ ಒಂದೇ ವಿಳಾಸದಲ್ಲಿ ನೂರಾರು ತಾಣಗಳು ಒಟ್ಟಿಗೆ ವಾಸಮಾಡುವುದುಂಟು. ಒಬ್ಬನನ್ನು ತಡೆಯಹೋದರೆ ವಠಾರದವರೆಲ್ಲರೂ ಬಂದಿಗಳಾಗುತ್ತಾರೆ.

ಮೂರನೆಯದು ಬೇಡಿಕೆಯನ್ನೇ ಓದುವುದು. ಹಿಂದೆ ಹೆಚ್ಚಿನ ತಾಣಗಳೊಡನೆ ನಡೆಯುತ್ತಿದ್ದ ವ್ಯವಹಾರವು ಪೋಸ್ಟ್ ಕಾರ್ಡಿನಂತೆ ಬಯಲಾಗಿತ್ತು. ಯಾವ ತಾಣದ ಯಾವ ಪುಟ ಬೇಕೆಂಬುದು ನಡುದಾರಿಯ ಯಂತ್ರಕ್ಕೆ ಕಾಣುತ್ತಿತ್ತು. ಆದ್ದರಿಂದ ಬೇಡವಾದ ಪುಟವೊಂದನ್ನೇ ತಡೆದು, ಅದರ ಎಡೆಯಲ್ಲಿ ‘ಇದನ್ನು ಆಜ್ಞೆಯ ಮೇರೆಗೆ ತಡೆಯಲಾಗಿದೆ’ ಎಂಬ ಸೂಚನೆಯನ್ನು ತೋರಿಸಬಹುದಾಗಿತ್ತು.

ಈಗಿನ ವ್ಯವಹಾರ ಬಹುಪಾಲು ಅಂಟಿಸಿದ ಲಕೋಟೆಯಂತಿದೆ. ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಎಂದಿದ್ದರೆ ಒಳಗಿನ ಮಾತು ಗೂಢಲಿಪಿಯಲ್ಲಿರುತ್ತದೆ. ಯಾವ ಪುಟ, ಏನು ವಿಷಯ ಎಂಬುದು ನಡುವೆ ಇರುವವರಿಗೆ ತಿಳಿಯದು. ಆದರೆ ಸಂಪರ್ಕದ ಮೊದಲ ವಂದನೆಯಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ಆ ಹೆಸರನ್ನು ಕಂಡೊಡನೆ ಸಂಪರ್ಕವನ್ನು ಕತ್ತರಿಸುವುದೇ ನಾಲ್ಕನೆಯ ತಡೆ. ಈ ಹೆಸರನ್ನೂ ಮರೆಮಾಡುವ ವಿಧಾನವು ಈಚೆಗೆ ಬಳಕೆಗೆ ಬರುತ್ತಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗೂಢಲಿಪಿಯಿಂದಾಗಿ ನಡುವಿನ ಯಂತ್ರವು ಒಂದು ಪುಟವನ್ನು ಮಾತ್ರ ಆರಿಸಿ ತಡೆಯಲಾರದು. ತಡೆದರೆ ತಾಣವನ್ನೆಲ್ಲ ತಡೆಯಬೇಕು. ಅದೇ ಗೂಢಲಿಪಿಯ ದೆಸೆಯಿಂದ ತನ್ನ ಸೂಚನೆಯನ್ನು ತಾಣದ ಹೆಸರಿನಲ್ಲಿ ತೋರಿಸಲೂ ಆರದು. ಪರರ ಮೊಹರನ್ನು ಅದು ಒತ್ತಲಾರದಷ್ಟೆ. ಹೀಗಾಗಿ ಓದುಗನಿಗೆ ಕಾಣುವುದು ಬರಿಯ ಮೌನ. ತಂತಿ ಹರಿದಾಗಲೂ ಅದೇ ಮೌನ, ತಡೆ ಬಿದ್ದಾಗಲೂ ಅದೇ ಮೌನ. ಗ್ರಾಹಕ ಸೇವೆಯವರು ‘ಆಫ್ ಮಾಡಿ ಆನ್ ಮಾಡಿ’ ಎನ್ನುವುದರ ರಹಸ್ಯವಿದು. ಅವರ ಮುಂದಿನ ತೆರೆಯ ಮೇಲೆ ಗೋಪುರದ ಸ್ಥಿತಿ, ಹಣದ ಲೆಕ್ಕಗಳಿರುತ್ತವೆ. ತಡೆಯ ಪಟ್ಟಿ ಇರುವುದಿಲ್ಲ.

ವಿಷವೂ ವಿಷ್ಣುವೂ

ಹೆಸರನ್ನು ಬಿಟ್ಟು ಪದಗಳನ್ನು ನೋಡಿ ಸೋಸಿದರೆ ಹೇಗೆ? ಕೆಲವು ಶಾಲೆಗಳ, ಕಚೇರಿಗಳ ಜರಡಿಗಳು ಹೀಗೆಯೇ ಕೆಲಸಮಾಡುತ್ತವೆ. ‘ವಿಷ’ ಎಂಬ ಪದವಿರುವುದನ್ನೆಲ್ಲ ತಡೆ ಎಂದು ಯಂತ್ರಕ್ಕೆ ಅಪ್ಪಣೆಯಾಯಿತೆನ್ನೋಣ. ಅದು ‘ವಿಷಯ’ವನ್ನು ತಡೆಯುತ್ತದೆ, ‘ವಿಷಾದ’ವನ್ನು ತಡೆಯುತ್ತದೆ, ‘ವಿಷುವತ್’ ಸಂಕ್ರಾಂತಿಯನ್ನೂ ತಡೆಯುತ್ತದೆ. ಗಣಕಯಂತ್ರದಲ್ಲಿ ‘ವಿಷ್ಣು’ ಎಂಬುದರ ಮೊದಲ ಮೂರು ಸಂಕೇತಗಳು ವಕಾರ, ಗುಡಿಸು, ಷಕಾರಗಳೇ ಆದುದರಿಂದ ಭಗವಂತನಿಗೂ ಬಿಡುಗಡೆಯಿಲ್ಲ! ಇದು ಬರಿಯ ಹಾಸ್ಯವಲ್ಲ. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನ ಹೆಸರಿನ ನಡುವೆ ಅಶ್ಲೀಲ ಪದವೊಂದರ ಅಕ್ಷರಗಳು ಅಡಗಿವೆ. ೧೯೯೬ರಲ್ಲಿ ಅಮೆರಿಕದ ದೊಡ್ಡ ಅಂತರಜಾಲ ಕಂಪೆನಿಯೊಂದರ ಜರಡಿಯು ಆ ಊರಿನವರಿಗೆ ಖಾತೆ ತೆರೆಯಲು ಅವಕಾಶ ಕೊಡಲಿಲ್ಲ. ಜರಡಿಗೆ ಕಣ್ಣುಗಳು ಬಹಳ. ನೋಟ ಮಾತ್ರ ಇಲ್ಲ.

ಪಟ್ಟಿಯೊಂದು, ಜರಡಿಗಳು ಹಲವು

ನಮ್ಮ ದೇಶದಲ್ಲಿ ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ಎ ವಿಧಿಯ ಮೇರೆಗೆ ತಾಣಗಳನ್ನು ತಡೆಯಬಹುದು, ನ್ಯಾಯಾಲಯಗಳೂ ಆಜ್ಞೆಮಾಡಬಹುದು. ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಧಿಯನ್ನು ಎತ್ತಿಹಿಡಿದಿದೆ. ಆದರೆ ಇದಕ್ಕಾಗಿ ೨೦೦೯ರಲ್ಲಿ ರಚಿತವಾದ ನಿಯಮಗಳಂತೆ ಸರ್ಕಾರಕ್ಕೆ ಬಂದ ಕೋರಿಕೆಗಳನ್ನೂ ಕೈಗೊಂಡ ಕ್ರಮಗಳನ್ನೂ ಗೋಪ್ಯವಾಗಿಡಬೇಕು.

ಆಜ್ಞೆಯನ್ನು ನಡೆಸುವ ಹೊಣೆ ಮಾತ್ರ ಕಂಪೆನಿಗಳದು. ೨೦೧೫ರ ಜುಲೈ ೩೧ರಂದು ೮೫೭ ವಿಳಾಸಗಳನ್ನು ತಡೆಯಬೇಕೆಂದು ಆಜ್ಞೆಯಾಯಿತು. ನಾಲ್ಕೇ ದಿನಗಳಲ್ಲಿ, ಅವುಗಳಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳಿಲ್ಲದ ತಾಣಗಳನ್ನು ಬಿಡಬಹುದೆಂದು ತಿಳಿಸಲಾಯಿತು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ನಿರ್ಣಯಿಸಲು ತಮ್ಮಿಂದಾಗದೆಂದು ಕಂಪೆನಿಗಳು ಗೊಣಗಿದವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಸಂಶೋಧಕರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ಕಂಪೆನಿಗಳ ತಡೆಗಳನ್ನು ಪರೀಕ್ಷಿಸಿದ್ದಾರೆ. ಯಾವುದಾದರೂ ಒಂದು ಕಂಪೆನಿ ತಡೆದಿದ್ದ ತಾಣಗಳು ೪,೦೩೩. ಆರೂ ಕಂಪೆನಿಗಳು ತಡೆದಿದ್ದವು ೧,೧೧೫ ಮಾತ್ರ. ನಮ್ಮ ನೆರೆಮನೆಯ ಮೊಬೈಲಿನಲ್ಲಿ ಪುಸ್ತಕ ಸಿಕ್ಕಿದ್ದು ಆಕಸ್ಮಿಕವಲ್ಲವೆಂದು ಇದರಿಂದ ತಿಳಿಯುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದುದೇನು?

ತಡೆಯೇ ಕೂಡದೆಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಪೀಡಿಸುವ ಚಿತ್ರಗಳನ್ನೂ ಹಣ ಲಪಟಾಯಿಸುವ ಮೋಸದ ತಾಣಗಳನ್ನೂ ತಡೆಯಲೇಬೇಕು. ಆದರೆ ತಪ್ಪಾಗಿ ಬಿದ್ದ ತಡೆಯನ್ನು ತೆಗೆಸಬೇಕಾದರೆ, ಅದು ತಡೆಯೆಂಬುದು ಮೊದಲು ತಿಳಿಯಬೇಕು. ಈ ಉದ್ದೇಶದಿಂದಲೇ ೨೦೧೬ರಲ್ಲಿ ‘೪೫೧’ ಎಂಬ ಸೂಚನಾಸಂಖ್ಯೆಯನ್ನು ಅಂತರಜಾಲದ ತಜ್ಞರು ಗೊತ್ತುಮಾಡಿದರು. ‘ಕಾನೂನಿನ ಕಾರಣದಿಂದ ದೊರೆಯದು’ ಎಂದು ಅದರ ಅರ್ಥ. ಪುಸ್ತಕಗಳನ್ನು ಸುಡುವ ರಾಜ್ಯದ ಕಥೆ ಹೇಳುವ ರೇ ಬ್ರಾಡ್‌ಬರಿಯ ಕಾದಂಬರಿಯ ಹೆಸರಿನಿಂದ ಈ ಸಂಖ್ಯೆ ಬಂದಿದೆ.

ಆ ಸೂಚನೆ ಕಾಣದಿದ್ದಾಗ ವೈದ್ಯನು ರೋಗಲಕ್ಷಣಗಳನ್ನು ನೋಡುವಂತೆ ನಾವೇ ಪರೀಕ್ಷಿಸಬೇಕು. ಉಳಿದ ತಾಣಗಳು ತೆರೆಯುತ್ತವೆಯೆ? ಅದೇ ತಾಣವು ಬೇರೆ ಕಂಪೆನಿಯ ಮೊಬೈಲಿನಲ್ಲಿ ತೆರೆಯುತ್ತದೆಯೆ? ಎರಡಕ್ಕೂ ‘ಹೌದು’ ಎಂದಾದರೆ ದೋಷವು ನಿಮ್ಮ ಮೊಬೈಲಿನಲ್ಲಾಗಲಿ, ತಾಣದಲ್ಲಾಗಲಿ ಇರುವ ಸಂಭವ ಕಡಿಮೆ. ತಾಣದ ಪೂರ್ಣ ವಿಳಾಸ, ದಿನ, ಗಂಟೆ, ತೆರೆಯ ಮೇಲೆ ಕಂಡ ಮಾತು ಇವನ್ನು ಬರೆದಿಟ್ಟುಕೊಳ್ಳಿ. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ತಪ್ಪದೆ ಕೇಳಿ ಪಡೆಯಿರಿ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೨ರಲ್ಲಿ ಮಾಡಿದ ನಿಯಮಗಳಂತೆ ದೂರಿಗೆ ಸಂಖ್ಯೆ ಕೊಡುವುದು ಕಂಪೆನಿಯ ಕರ್ತವ್ಯ. ಉತ್ತರ ತೃಪ್ತಿಕರವಾಗದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಸಂಖ್ಯೆಯಿಲ್ಲದ ದೂರು ಗಾಳಿಯಲ್ಲಿ ಆಡಿದ ಮಾತು.

ಅಂದು ನಾವು ಸಂಖ್ಯೆಯನ್ನು ಕೇಳಿರಲಿಲ್ಲ. ಗ್ರಂಥಭಂಡಾರದ ತಡೆಯು ಕೆಲವೇ ದಿನಗಳಲ್ಲಿ ತೆರವಾಯಿತು. ಅದು ಲೋಕಪ್ರಸಿದ್ಧವಾದುದರಿಂದ ಕೂಗು ಬೇಗನೆ ಎದ್ದಿತು. ಪ್ರಸಿದ್ಧವಲ್ಲದ ಸಣ್ಣ ತಾಣವೊಂದು ಹೀಗೆ ಸಿಕ್ಕಿಬಿದ್ದರೆ ಅದರ ಪರವಾಗಿ ಕೂಗುವವರು ಯಾರು? ಅದನ್ನು ಹುಡುಕಿಕೊಂಡು ಹೋಗಿ, ಮೌನವನ್ನು ಕಂಡು, ‘ಇದು ಕೆಟ್ಟಿದೆಯೋ, ತಡೆಯಲ್ಪಟ್ಟಿದೆಯೋ?’ ಎಂದು ಪ್ರಶ್ನಿಸುವ ಓದುಗನೇ ಅದಕ್ಕೆ ದಿಕ್ಕು.